ನಿಮಗಿದು ಗೊತ್ತೇ? ನಾಲ್ಕು ತಂತಿ, ಮೂರು ತಾಲೂಕು

ಯುಕುಲೇಲೆ ಹವಾಯಿಯ ವಾದ್ಯ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರ ಹಿರಿಯರು ಹವಾಯಿಯವರಲ್ಲ ಎಂಬುದು ಗೊತ್ತೇ? 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಹೊನೊಲುಲು ಬಂದರಿಗೆ ಬಂತು. ಅದರಲ್ಲಿದ್ದವರು ಕಬ್ಬಿನ ತೋಟದ ಕೂಲಿಗೆ ಹೊರಟ ಜನ. ನಾಲ್ಕು ತಿಂಗಳ ಸಮುದ್ರಯಾನ ಮುಗಿದ ಸಂತೋಷಕ್ಕೆ ಅವರಲ್ಲೊಬ್ಬ ದಡದಲ್ಲೇ ನಿಂತು ಮಶೆಟ್ ಎಂಬ ಪುಟ್ಟ ತಂತಿವಾದ್ಯ ನುಡಿಸಿದನಂತೆ. ಅದೇ ಹಡಗಿನಲ್ಲಿ ಮೂವರು ಮರಗೆಲಸದವರೂ ಇದ್ದರು: ಮಾನುಯೆಲ್ ನೂನೆಸ್, ಆಗುಸ್ತೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ. ಕಬ್ಬಿನ ಕರಾರು ಮುಗಿದ ಮೇಲೆ ಮೂವರೂ ಉಳಿ-ಹತ್ತರಿ ಹಿಡಿದರು. ಮಶೆಟ್‌ನ ಆಕಾರಕ್ಕೆ ರಜಾವೊ ಎಂಬ ಐದು ತಂತಿಯ ವಾದ್ಯದ ಶ್ರುತಿ ಸೇರಿತು, ಹವಾಯಿಯ ಕೋವಾ ಮರ ಮೈಯಾಯಿತು.

*

ಯುಕುಲೇಲೆಯನ್ನು ಅರಮನೆಗೆ ಕರೆಸಿಕೊಂಡ ಹವಾಯಿಯ ದೊರೆ ಕಲಾಕೌವಾ ಭಾರತಕ್ಕೂ ಬಂದಿದ್ದ, ಗೊತ್ತೇ? 1881ರಲ್ಲಿ ಭೂಮಿಗೆ ಒಂದು ಸುತ್ತು ಹಾಕಿದ ಆತ ಕಲ್ಕತ್ತ, ಮುಂಬಯಿಗಳನ್ನು ನೋಡಿಕೊಂಡು ಹೋದ. ಮೈಸೂರಿನ ರಾಜ್ಯ ಬ್ರಿಟಿಷರ ಕೈಯಿಂದ ಚಾಮರಾಜೇಂದ್ರ ಒಡೆಯರಿಗೆ ಮರಳಿದ್ದೂ ಅದೇ ವರ್ಷದ ಮಾರ್ಚಿನಲ್ಲಿ. ಆಗ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಆ ಹೆಸರು 1947ರವರೆಗೂ ನಡೆಯಿತು. ಕಡೂರಿನವರು ಈ ಮಾತನ್ನು ಸಂದರ್ಭ ಸಿಕ್ಕಾಗಲೆಲ್ಲ ನೆನಪಿಸುತ್ತಾರೆ. ನೆನಪಿಸಲಿ.

*

ಸಪ್ಪಳ ಮಾಡದೆ ಬಂದ ಇನ್ನೊಂದು ವಾದ್ಯ ನಮ್ಮಲ್ಲಿ ದೊಡ್ಡದಾಗಿ ಬೆಳೆಯಿತು, ಯುಕುಲೇಲೆ ಮಾತ್ರ ಹೊರಗೇ ಉಳಿಯಿತು. ಯಾಕೆ, ಗೊತ್ತೇ? ಅರ್ನೆಸ್ಟ್ ಕಾಯಿ ಎಂಬ ಹವಾಯಿ ಕಲಾವಿದನ ತಂಡ 1919ರ ಸುಮಾರಿಗೇ ಭಾರತದಲ್ಲಿ ಸಂಚರಿಸಿತ್ತು. 1940ರ ದಶಕದಲ್ಲಿ ಹವಾಯಿ ಗಿಟಾರ್ ವಾದಕ ಟೌ ಮೋ ಕೋಲ್ಕತ್ತದಲ್ಲಿ ನೆಲೆಸಿದ್ದ. ಇಂಥವರಿಂದ ನಮ್ಮವರು ಕಲಿತದ್ದು ಹವಾಯಿಯ ಸ್ಲೈಡ್ ಗಿಟಾರನ್ನು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ಕಛೇರಿಗೆ ಏರಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಸ್ಲೈಡಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರಬಹುದು, ಮೀಂಡು ಬರುತ್ತದೆ, ಗಮಕ ಬರುತ್ತದೆ. ಯುಕುಲೇಲೆಯ ನೈಲಾನ್ ತಂತಿಯನ್ನು ಎಷ್ಟು ಎಳೆದರೂ ಸ್ವರ ಕೂದಲೆಳೆಯಷ್ಟೇ ಸರಿಯುತ್ತದೆ. ವೀಣೆಯವರು ಒಂದೇ ಮೆಟ್ಟಿಲಿನ ಮೇಲೆ ತಂತಿ ಎಳೆದು ಮುಂದಿನ ಎರಡು ಮೂರು ಸ್ವರ ಮುಟ್ಟುತ್ತಾರೆ, ಇಲ್ಲಿ ಆ ಆಟ ನಡೆಯುವುದಿಲ್ಲ. ಹಾಗಾಗಿ ಯುಕುಲೇಲೆಯಲ್ಲಿ ತೋಡಿ ನುಡಿಸುತ್ತೇನೆಂದು ಹೊರಡಬೇಡಿ. ಹಾಡುವವರ ಜೊತೆಗಾರನಾಗಿ ಅದು ಬಹಳ ಚೆನ್ನ, ರಾಗವಿಸ್ತಾರಕ್ಕೆ ಅದು ಹುಟ್ಟಿದ್ದಲ್ಲ.

*

ಆದರೂ ಯುಕುಲೇಲೆ ಹುಟ್ಟುತ್ತಲೇ ಮುಕ್ಕಾಲು ಪಾಲು ಮೋಹನ ರಾಗ ಕಲಿತುಕೊಂಡೇ ಬಂದಿದೆ, ಗೊತ್ತೇ?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಾದ್ಯವನ್ನು ಎದೆಗೆ ಆನಿಸಿಕೊಂಡಾಗ ನೆಲದ ಕಡೆಗಿರುವುದು ಒಂದನೆಯ ತಂತಿ, ನಿಮ್ಮ ಗಲ್ಲದ ಕಡೆಗಿರುವುದು ನಾಲ್ಕನೆಯದು. ನಾಲ್ಕನೆಯದರಿಂದ ಎಣಿಸಿದರೆ ಶ್ರುತಿ ಜಿ, ಸಿ, ಇ, ಎ. ಸಿ ಎಂಬುದನ್ನೇ ಷಡ್ಜ ಮಾಡಿಕೊಳ್ಳಿ. ಆಗ ಬೆರಳೊತ್ತದೆ ಬಿಟ್ಟ ತಂತಿಗಳೇ ಪ, ಸ, ಗ, ದ ಆಗುತ್ತವೆ. ಮೋಹನಕ್ಕೆ ಬೇಕಾದ ಐದರಲ್ಲಿ ನಾಲ್ಕು ಸ್ವರ ಪುಕ್ಕಟೆ ಸಿಕ್ಕಿತು. ಉಳಿದ ಚತುಶ್ರುತಿ ರಿಷಭ ಮೂರನೆಯ ತಂತಿಯ ಎರಡನೆಯ ಮೆಟ್ಟಿಲಿನಲ್ಲಿದೆ. ಎರಡನೆಯ ತಂತಿಯ ಮೂರನೆಯ ಮೆಟ್ಟಿಲು ಪಂಚಮ, ಒಂದನೆಯ ತಂತಿಯ ಮೂರನೆಯ ಮೆಟ್ಟಿಲು ಮೇಲಿನ ಷಡ್ಜ. ಅಂದರೆ ಎರಡು ಮತ್ತು ಮೂರು ಎಂಬ ಎರಡು ಅಂಕಿ ಗೊತ್ತಿದ್ದರೆ ಮೋಹನದ ಆರೋಹಣ-ಅವರೋಹಣ ಮೊದಲ ದಿನವೇ ಕೈಗೆ ಬರುತ್ತದೆ.

ಕಡೂರಿನಲ್ಲೋ ತರೀಕೆರೆಯಲ್ಲೋ ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟರ ಮನೆಗೆ ಹೋಗಿ ಸರಳೆ ವರಸೆ ಹಾಡಿದವರಿಗೆ ಇನ್ನೂ ಸುಲಭ. ಪುರಂದರದಾಸರು ಹಾಕಿಕೊಟ್ಟರೆನ್ನುವ ಪಾಠಕ್ರಮ ಮಾಯಾಮಾಳವಗೌಳದಲ್ಲಿ ಶುರುವಾಗುತ್ತದಲ್ಲ, ಅದು ಇಲ್ಲಿ ಹೀಗೆ: ಮೂರನೆಯ ತಂತಿಯಲ್ಲಿ ಬಿಟ್ಟದ್ದು, 1, ಎರಡನೆಯ ತಂತಿಯಲ್ಲಿ ಬಿಟ್ಟದ್ದು, 1, 3, 4, ಒಂದನೆಯ ತಂತಿಯಲ್ಲಿ 2, 3. ಎಂಟೂ ಸ್ವರ ಮುಗಿಯಿತು. ಎಡಗೈ ನಾಲ್ಕನೆಯ ಮೆಟ್ಟಿಲು ದಾಟಲೇ ಇಲ್ಲ ನೋಡಿ. ಮಲಹರಿಯ ಪಿಳ್ಳಾರಿ ಗೀತೆಗಳು ಇದರೊಳಗೇ ಕೂರುತ್ತವೆ. ಇಂಗ್ಲಿಷ್ ಶಿಶುಗೀತೆಯಿಂದಲೇ ಶುರುಮಾಡಬೇಕೆಂದು ಯಾವ ಕಾನೂನೂ ಇಲ್ಲ. ಬಾಯಿಗೆ ಬರುವ ಸ್ವರವನ್ನು ಬೆರಳಿಗೆ ಇಳಿಸುವುದು, ಬರದ ಸ್ವರವನ್ನು ಎರಡಕ್ಕೂ ಒಟ್ಟಿಗೆ ಕಲಿಸುವುದಕ್ಕಿಂತ ಸಲೀಸು.

ಒಂದೇ ತಕರಾರು. ತಂಬೂರಿಯ ಮುಂದೆ ಕುಳಿತು ಪಳಗಿದ ಕಿವಿಗೆ ಇಲ್ಲಿಯ ಗಾಂಧಾರ ಒಂದಿಷ್ಟು ಏರಿದಂತೆ ಕೇಳುತ್ತದೆ. ಕಿವಿ ಸರಿಯಾಗಿಯೇ ಇದೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಮೆಟ್ಟಿಲು ಬಡಿದಿರುವುದರಿಂದ ಅಂತರ ಗಾಂಧಾರ ತನ್ನ ಸಹಜ ಜಾಗಕ್ಕಿಂತ ಸುಮಾರು 14 ಸೆಂಟ್ ಮೇಲಿದೆ, ಅಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು. ಪಿಯಾನೊ, ಹಾರ್ಮೋನಿಯಂಗಳದ್ದೂ ಇದೇ ಕಥೆ.

*

ಮಂದ್ರಸ್ಥಾಯಿ ಎಲ್ಲಿ ಎಂದು ಹುಡುಕಬೇಡಿ, ಇಲ್ಲ. ನಾಲ್ಕನೆಯ ತಂತಿ ಗಿಟಾರಿನ ಹಾಗೆ ದಪ್ಪನೆಯ ತಗ್ಗು ತಂತಿಯಲ್ಲ, ಅದು ಮೂರನೆಯದಕ್ಕಿಂತ ಎತ್ತರದ ಸ್ವರ. ಯುಕುಲೇಲೆಯ ಆ ಚಿಲಿಪಿಲಿ ದನಿಗೆ ಇದೇ ಕಾರಣ. ಮಂದ್ರ ಪಂಚಮ ಬೇಕೇ ಬೇಕೆನ್ನುವವರಿಗೆ ‘ಲೋ ಜಿ’ ಎಂಬ ಬೇರೆ ತಂತಿ ಸಿಗುತ್ತದೆ.

*

ಮುತ್ತುಸ್ವಾಮಿ ದೀಕ್ಷಿತರು ಯುಕುಲೇಲೆ ಕಲಿಯುವವರಿಗೆಂದೇ ಬರೆದಂತಿರುವ ರಚನೆಗಳಿವೆ, ಗೊತ್ತೇ? ಯುಕುಲೇಲೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ದೀಕ್ಷಿತರು ಬ್ರಿಟಿಷ್ ಬ್ಯಾಂಡುಗಳ ಧಾಟಿ ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ನೊಟ್ಟುಸ್ವರ ಎಂದು ಅವಕ್ಕೆ ಹೆಸರು, ಸುಮಾರು ನಲವತ್ತು ಇವೆ. ಎಲ್ಲವೂ ಗಮಕವಿಲ್ಲದ ಶಂಕರಾಭರಣದ ಸ್ವರಗಳಲ್ಲಿ. ಯುಕುಲೇಲೆಯ ಹುಟ್ಟುಗುಣವೂ ಅದೇ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಕೂಡ ಇದೇ ಜಾತಿಯದು. ಮೊದಲ ವರ್ಷ ಅದರ ತಂಟೆಗೆ ಹೋಗದಿದ್ದರೆ ಒಳ್ಳೆಯದು, ವೇಗ ಜಾಸ್ತಿ.

*

ಕಾರ್ಡುಗಳನ್ನು ಫೋನ್ ನಂಬರಿನಂತೆ ಬರೆದಿಟ್ಟುಕೊಳ್ಳಬಹುದು. ನಾಲ್ಕನೆಯ ತಂತಿಯಿಂದ ಒಂದನೆಯದರವರೆಗೆ, ಯಾವ ಮೆಟ್ಟಿಲಲ್ಲಿ ಒತ್ತಬೇಕೋ ಆ ಅಂಕಿ. ಸಿ ಅಂದರೆ 0003. ಎ ಮೈನರ್ 2000. ಎಫ್ 2010. ಜಿ ಸೆವೆನ್ 0212. ಮೊದಲೆರಡಕ್ಕೆ ಒಂದೊಂದೇ ಬೆರಳು ಸಾಕು. ಈ ನಾಲ್ಕರಿಂದ ನೂರಾರು ಹಾಡು ನಡೆದುಹೋಗುತ್ತವೆ, ಭಾವಗೀತೆಗಳಲ್ಲೂ ಹಲವು. ಇ ಎಂಬ ಕಾರ್ಡು ಮಾತ್ರ 4442. ಇದನ್ನು ಒತ್ತಲಾಗದೆ ವಾದ್ಯವನ್ನು ಅಟ್ಟಕ್ಕೆ ಹಾಕಿದವರು ಲೋಕದ ತುಂಬ ಇದ್ದಾರೆ. ಇ ಬರುವ ಹಾಡನ್ನು ಬೇರೆ ಶ್ರುತಿಗೆ ತಂದುಕೊಂಡು ಹಾಡಿ, ಅವಮಾನವೇನಿಲ್ಲ.

*

ತಾಳ ಕಲಿಯಲು ತರೀಕೆರೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ ಎಂಬುದು ಗೊತ್ತೇ? ತರೀಕೆರೆ ಏರಿಯ ಮೇಲೆ ಮೇಯುವ ಆ ಮೂರು ಕರಿ ಕುರಿಮರಿಗಳನ್ನು ಕರ್ನಾಟಕದ ಮಕ್ಕಳೆಲ್ಲ ನಾಲಿಗೆ ತೊಡರಿಸಿಕೊಂಡು ಮೇಯಿಸಿದ್ದಾರೆ. ಈಗ ಬಲಗೈಗೂ ಆ ಕೆಲಸ ಕೊಡಿ. ‘ಕರಿ, ಕುರಿ, ಮರಿ’ ಮೂರೂ ಎರಡೆರಡು ಲಘು. ಮೊದಲ ಅಕ್ಷರಕ್ಕೆ ಕೈ ಕೆಳಗೆ, ಎರಡನೆಯದಕ್ಕೆ ಮೇಲೆ. ಮೂರು ಎಣಿಕೆ ಆಯಿತು. ನಾಲ್ಕನೆಯ ಎಣಿಕೆಯಲ್ಲಿ ಏನೂ ಹೇಳಬೇಡಿ, ತಂತಿ ಮುಟ್ಟಬೇಡಿ, ಆದರೆ ಬಲಗೈ ಗಾಳಿಯಲ್ಲೇ ಕೆಳಗೆ-ಮೇಲೆ ಆಡಲಿ. ಆ ಖಾಲಿ ಎಣಿಕೆಯಲ್ಲಿ ಎಡಗೈ ಸಿ ಬಿಟ್ಟು ಎ ಮೈನರಿಗೆ ಹೋಗಬೇಕು. ಹೊಸಬರೆಲ್ಲ ಮುಗ್ಗರಿಸುವುದು ಕಾರ್ಡಿನಲ್ಲಲ್ಲ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಎಡಗೈ ತಡವಾಯಿತೆಂದು ಬಲಗೈ ನಿಂತರೆ ತಾಳ ಕೆಟ್ಟಿತು. ತಪ್ಪು ಕಾರ್ಡು ಬಾರಿಸಿದರೂ ಚಿಂತೆಯಿಲ್ಲ, ಬಲಗೈ ನಿಲ್ಲಬಾರದು.

ಇದು ಪಳಗಿದ ಮೇಲೆ ಲೋಕವೆಲ್ಲ ಬಾರಿಸುವ ವರಸೆಗೆ ಹೋಗಿ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಮೂರನೆಯ ಎಣಿಕೆಗೆ ಕೈ ಇಳಿಯುತ್ತದೆ, ತಂತಿಗೆ ತಾಗುವುದಿಲ್ಲ, ಅಷ್ಟೇ ಗುಟ್ಟು. ಮೂರರ ನಡೆಯ ಜನಪದ ಹಾಡುಗಳಿಗೆ ಇದು ಹೊಂದದು, ಅಲ್ಲಿ ತಕಿಟ ತಕಿಟ ಎಂದೇ ಹೇಳಿಕೊಳ್ಳಿ.

*

ಕುರಿಯ ಮಾತು ಬಂತಲ್ಲ. ಹಿಂದೆ ಯುಕುಲೇಲೆಗೆ ಕಟ್ಟುತ್ತಿದ್ದುದು ಕರುಳಿನ ತಂತಿ, ಹೆಚ್ಚಾಗಿ ಕುರಿಯದು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ನೈಲಾನ್ ಬಂತು. ತರೀಕೆರೆಯ ಮೂರೂ ಮರಿಗಳು ಬಚಾವಾದವು.

*

ಕಡೂರಿನಿಂದ ಕೆಮ್ಮಣ್ಣುಗುಂಡಿಗೆ ಹೋಗುವಷ್ಟರಲ್ಲಿ ಯುಕುಲೇಲೆಯ ಶ್ರುತಿ ಬದಲಾಗುತ್ತದೆ, ಗೊತ್ತೇ? ಕಡೂರು, ಅಜ್ಜಂಪುರದ ಕಡೆ ತೆಂಗು, ರಾಗಿ, ಈರುಳ್ಳಿಯ ಬಯಲು, ಬೇಸಿಗೆಯಲ್ಲಿ ಗಾಳಿ ಒಣಗಿರುತ್ತದೆ. ತರೀಕೆರೆ ತಾಲೂಕಿನ ಇನ್ನೊಂದು ತುದಿ ಸಾವಿರದ ನಾನೂರು ಮೀಟರ್ ಎತ್ತರಕ್ಕೆ ಏರಿ ಮಂಜಿನಲ್ಲಿ ಮುಳುಗಿರುತ್ತದೆ. ಮರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಇಡೀ ಮರದ ಹಲಗೆಯ ಬೆಲೆಬಾಳುವ ವಾದ್ಯಕ್ಕೆ ಗಾಳಿಯ ತೇವ ಶೇಕಡಾ ಐವತ್ತರ ಆಸುಪಾಸಿನಲ್ಲಿ ಇರಬೇಕೆನ್ನುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ಕನಸಿನ ಮಾತು. ಹಾಗಾಗಿ ಮೊದಲ ವಾದ್ಯ ಪದರ ಅಂಟಿಸಿದ ಪ್ಲೈಯದ್ದೇ ಇರಲಿ. ದನಿ ಸ್ವಲ್ಪ ಮಂದ, ಆದರೆ ಬಿರುಕು ಬಿಡುವುದಿಲ್ಲ. ಆಷಾಢದಲ್ಲಿ ಗೋಡೆಗೆ ನೇತುಹಾಕಬೇಡಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆಗಿಡಿ. ಏಪ್ರಿಲಿನಲ್ಲಿ ಕಡೂರು ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಕುದುರೆಯೇ ಕಿತ್ತುಬರಬಹುದು, ಅಂಟು ಕರಗಿ.

ಹೊಸ ತಂತಿಯಾದರೆ ಹವೆಯ ಮೇಲೆ ದೂರು ಹಾಕಬೇಡಿ. ನೈಲಾನ್ ಹಿಗ್ಗುತ್ತಲೇ ಇರುತ್ತದೆ, ಮೊದಲ ಕೆಲವು ದಿನ ಐದೈದು ನಿಮಿಷಕ್ಕೆ ಬಿರಡೆ ತಿರುಗಿಸಬೇಕಾಗುತ್ತದೆ. ವಾದ್ಯ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಕಳಿಸುವವರಲ್ಲಿ ಬಹುಪಾಲು ಜನ ಈ ಹಂತದಲ್ಲಿರುವವರೇ.

*

ಅಮೆರಿಕದ ಹೆಸರಾಂತ ಗಿಟಾರುಗಳ ಮೈಯಲ್ಲಿರುವುದು ನಮ್ಮ ಬೀಟೆ, ಗೊತ್ತೇ? ಮಾರ್ಟಿನ್ ಕಂಪನಿ 1969ರ ಸುಮಾರಿಗೆ ಬ್ರೆಜಿಲಿನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್ಡಿಗೆ ಬಂತು. ನಾವು ಬೀಟೆ ಎನ್ನುವುದು ಅದನ್ನೇ. ತರೀಕೆರೆ ತಾಲೂಕಿನ ಲಕ್ಕವಳ್ಳಿ ಕಾಡಿನ ತೇಗ, ಬೀಟೆಗಳಿಗೆ ಮೊದಲಿಂದ ಹೆಸರು. ಅನೇಕ ಯುಕುಲೇಲೆಗಳಲ್ಲೂ ಬೆರಳಾಡುವ ಪಟ್ಟಿ ಬೀಟೆಯದೇ. 2017ರ ಜನವರಿಯಿಂದ ಈ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಟ್ಟುಪಾಡು ಬಿತ್ತು. ಪುಟ್ಟ ವಾದ್ಯ ಗಡಿ ದಾಟಲೂ ಕಾಗದಪತ್ರ ಬೇಕಾಗಿ ತಯಾರಕರು ಕಂಗಾಲಾದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕಲ್ಲ. ತೋಟದಲ್ಲಿ ಬೀಟೆ ಇದೆ, ಒಂದು ಕೊಂಬೆಯಿಂದ ವಾದ್ಯ ಮಾಡಿಸೋಣ ಎಂದು ಹೊರಡುವವರು ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಬೇಕು.

ಕರಟಕ್ಕೆ ಯಾರ ಅನುಮತಿಯೂ ಬೇಡ. ಪೆಸಿಫಿಕ್ ದ್ವೀಪಗಳಲ್ಲಿ ತೆಂಗಿನ ಕರಟದ ಯುಕುಲೇಲೆ ಮಾಡುತ್ತಾರೆ. ಕಡೂರಿನಲ್ಲಿ ಕರಟಕ್ಕೇನು ಬರ?

*

ಮೆಟ್ಟಿಲಿರುವ ತಂತಿವಾದ್ಯ ಈ ಸೀಮೆಗೆ ಹೊಸದೇ? ಅಲ್ಲವೇ ಅಲ್ಲ. ಕಿಂದರಿ ಜೋಗಿಗಳ ಕಿಂದರಿ ಅಥವಾ ಕಿನ್ನರಿಯನ್ನು ನೆನೆಯಿರಿ: ಬಿದಿರ ದಂಡಿ, ಮೇಲೆ ಮೆಟ್ಟಿಲುಗಳು, ಕೆಳಗೆ ಮೂರು ಸೋರೆ ಬುರುಡೆ. ಮಲೆನಾಡು, ಅರೆಮಲೆನಾಡಿನ ಊರುಗಳಲ್ಲಿ ಅರ್ಜುನ ಜೋಗಿಯ ಕಥೆ ಹಾಡುತ್ತ ಮನೆಬಾಗಿಲಿಗೆ ಬರುತ್ತಿದ್ದವರು ಅವರು. ಬ್ರೌನಿಂಗ್ ಕವಿಯ ಕೊಳಲೂದುವವನನ್ನು ಕನ್ನಡಕ್ಕೆ ಕರೆತರುವಾಗ ಕುವೆಂಪು ಅವನ ಕೈಯಿಂದ ಕೊಳಲು ತೆಗೆದು ಕಿಂದರಿ ಕೊಟ್ಟದ್ದು ಸುಮ್ಮನೆ ಅಲ್ಲ, ಅವರ ಮಲೆನಾಡಿನ ಮಕ್ಕಳು ಕಂಡಿದ್ದ ವಾದ್ಯ ಅದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ನುಡಿಸುತ್ತಿದ್ದ ಬ್ರಹ್ಮಯ್ಯನಿಗೆ ವಾದ್ಯವೇ ಹೆಸರಾಯಿತು. ಬಸವಣ್ಣನವರಂತೂ ತಮ್ಮ ಮೈಯನ್ನೇ ದಂಡಿಗೆ, ತಲೆಯನ್ನೇ ಸೋರೆ, ನರವನ್ನೇ ತಂತಿ ಮಾಡಿಕೊಂಡು ನುಡಿಸೆಂದು ದೇವರನ್ನು ಕೇಳಿದರು. ಮೂರು ಬುರುಡೆಯ ಕಿನ್ನರಿಯ ಪಕ್ಕದಲ್ಲಿ ಯುಕುಲೇಲೆ ಮೊನ್ನೆ ಹುಟ್ಟಿದ ಕೂಸು.

*

ದನಿ ಚೆನ್ನಾಗಿಲ್ಲ, ರೂಪ ಚೆನ್ನಾಗಿಲ್ಲ, ವೇದಿಕೆ ಹತ್ತುವುದು ಹೇಗೆ ಎನ್ನುವವರು ತರೀಕೆರೆಯಿಂದ ಹತ್ತು ಕಿಲೋಮೀಟರ್ ದೂರದ ಅಮೃತಾಪುರಕ್ಕೆ ಹೋಗಿಬರಬೇಕು. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಶಾಸನದ ಪದ್ಯಗಳು ಕವಿ ಜನ್ನನವು. ಅದೇ ಜನ್ನ ಮುಂದೆ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ರಾಣಿ ಅಮೃತಮತಿ ಚೆಲುವ ಗಂಡನನ್ನು ಬಿಟ್ಟು ಕುರೂಪಿ ಮಾವುತನಿಗೆ ಮನಸೋತದ್ದು ಯಾತಕ್ಕೆ? ಇರುಳಲ್ಲಿ ತೇಲಿಬಂದ ಅವನ ಹಾಡಿಗೆ. ಕಥೆಯ ಮುಂದಿನ ಭಾಗವನ್ನು ಅನುಸರಿಸಬೇಡಿ.

*

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 1969ರಲ್ಲಿ ಭೂಮಿಗೆ ಮರಳಿ ಕ್ವಾರಂಟೈನ್ ಡಬ್ಬಿಯೊಳಗೆ ಕುಳಿತು ಹೊತ್ತು ಕಳೆಯಲು ನುಡಿಸಿದ್ದು ಯುಕುಲೇಲೆ. ಹೂಡಿಕೆಯ ಗುರು ವಾರನ್ ಬಫೆಟ್ ನುಡಿಸುತ್ತಾರೆ. ಬೀಟಲ್ಸಿನ ಜಾರ್ಜ್ ಹ್ಯಾರಿಸನ್ನನಿಗೆ ಹುಚ್ಚೇ ಹಿಡಿದಿತ್ತು. ಈ ಕಾಲದ ಯುಕುಲೇಲೆ ಗೀಳಿಗೆ ಬೀಜ ಬಿತ್ತಿದ್ದು ಮಾತ್ರ ಹವಾಯಿಯ ಭಾರೀ ಮೈಕಟ್ಟಿನ ಇಸ್ರೇಲ್ ಕಾಮಕವಿವೊಓಲೆ. 1993ರ ಆತನ ಧ್ವನಿಮುದ್ರಿಕೆಯ ಕಾಮನಬಿಲ್ಲಿನ ಹಾಡಿಗೆ ಪಕ್ಕವಾದ್ಯಗಳ ದಂಡಿಲ್ಲ, ಇರುವುದು ಒಂದು ಗಂಟಲು, ಒಂದು ಯುಕುಲೇಲೆ.

*

ಕೊಳ್ಳುವ ಮಾತು. ಅಳತೆ ನಾಲ್ಕು: 21 ಅಂಗುಲದ ಸೊಪ್ರಾನೊ, 23ರ ಕಾನ್ಸರ್ಟ್, 26ರ ಟೆನರ್, 30ರ ಬ್ಯಾರಿಟೋನ್. ಮಕ್ಕಳಿಗೆ ಸೊಪ್ರಾನೊ. ಅಡಿಕೆ ಸುಲಿದು, ಗುದ್ದಲಿ ಹಿಡಿದು ಬೆರಳು ದಪ್ಪಗಾದವರಿಗೆ ಕಾನ್ಸರ್ಟ್ ಇಲ್ಲವೇ ಟೆನರ್. ಬ್ಯಾರಿಟೋನಿನ ಶ್ರುತಿ ಬೇರೆ, ಮೇಲೆ ಹೇಳಿದ ಮೋಹನ ಅಲ್ಲಿ ಜಿ ಷಡ್ಜದಲ್ಲಿ ಸಿಗುತ್ತದೆ. ಎರಡು-ಮೂರು ಸಾವಿರ ರೂಪಾಯಿಗೆ ಕಲಿಯಲು ಯೋಗ್ಯವಾದದ್ದು ಬರುತ್ತದೆ. ಮಕ್ಕಳಾಟಿಕೆಯ ಅಂಗಡಿಯ ಬಣ್ಣದ ಪ್ಲಾಸ್ಟಿಕ್ ಬೇಡ, ಅದರಲ್ಲಿ ಮೆಟ್ಟಿಲುಗಳೇ ಅಪಸ್ವರ, ಎಷ್ಟು ಸಾಧಿಸಿದರೂ ಪ್ರಯೋಜನವಿಲ್ಲ. ಹಾಗೆಂದು ಪ್ಲಾಸ್ಟಿಕ್ಕೇ ಕೆಟ್ಟದ್ದಲ್ಲ. ಮಾರಿಯೊ ಮಕಫೆರಿ ಎಂಬಾತ 1949ರಿಂದ ಮಾಡಿ ಮಾರಿದ ಪ್ಲಾಸ್ಟಿಕ್ ಯುಕುಲೇಲೆಗಳು ಲಕ್ಷಗಟ್ಟಲೆ ಹೋದವು, ದನಿಯೂ ಚೆನ್ನಾಗಿತ್ತು.

ಆನ್‌ಲೈನಿನಲ್ಲಿ ತರಿಸುವುದಕ್ಕಿಂತ ಒಮ್ಮೆ ಕೈಯಲ್ಲಿ ಹಿಡಿದು ನೋಡುವುದು ಮೇಲು, ಅದಕ್ಕೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕು. ರೈಲಿದೆ. ತರೀಕೆರೆ ಬೀರೂರು-ಶಿವಮೊಗ್ಗ ದಾರಿಯಲ್ಲಿ, ಅಜ್ಜಂಪುರ ಬೀರೂರು-ಹುಬ್ಬಳ್ಳಿ ದಾರಿಯಲ್ಲಿ, ಕಡೂರು ಬೀರೂರಿನ ಪಕ್ಕದಲ್ಲೇ. ವಾದ್ಯದ ತೂಕ ಅರ್ಧ ಕಿಲೋ ಆಸುಪಾಸು, ಬರುವಾಗ ತೊಡೆಯ ಮೇಲಿಟ್ಟುಕೊಳ್ಳಬಹುದು. ಅಂಗಡಿಯಲ್ಲಿ ಒಂದೇ ಪರೀಕ್ಷೆ ಮಾಡಿ: ಪ್ರತಿ ತಂತಿಯನ್ನು ಬಿಟ್ಟು ಮೀಟಿ, ಆಮೇಲೆ ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿ. ಅಲ್ಲಿಗೆ ತಂತಿಯ ಉದ್ದ ಸರಿಯಾಗಿ ಅರ್ಧ, ಬಿಟ್ಟ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಆಗದಿದ್ದರೆ ಆ ವಾದ್ಯ ಅಂಗಡಿಯಲ್ಲೇ ಇರಲಿ.

*

ಕಡೆಯದಾಗಿ, ದಿನಕ್ಕೆ ಹದಿನೈದು ನಿಮಿಷ ಸಾಕು, ವಾರಕ್ಕೊಮ್ಮೆ ಎರಡು ಗಂಟೆ ಕೂತರೆ ಬೆರಳು ನೋಯುವುದಷ್ಟೇ ಲಾಭ. ಮೆಟ್ಟಿಲಿನ ಕಡ್ಡಿಯ ಮೇಲೆ ಒತ್ತಬೇಡಿ, ಅದರ ಹಿಂದಕ್ಕೆ ಒತ್ತಿ. ಎಡಗೈಯ ಉಗುರು ಇಂದೇ ಕತ್ತರಿಸಿ. ಬಲಗೈ ತೋರುಬೆರಳಿನದು ಇರಲಿ, ಬಾರಿಸಲು ಬೇಕು.